ಆ ಪ್ರಶ್ನೆಯನ್ನು ಇನ್ನೊಮ್ಮೆ ಕೇಳಿ

ಪ್ರಶ್ನೆ: ನನಗೆ 33 ವರ್ಷ, ಹಾವೇರಿ ಜಿಲ್ಲೆಯವಳು. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮ, ಆಮೇಲೆ ಸಿವಿಲ್ ಡಿಪ್ಲೊಮಾ. ಈಗ ಹುಬ್ಬಳ್ಳಿಯಲ್ಲಿ ಒಂದು ಸ್ಟ್ರಕ್ಚರಲ್ ಕನ್ಸಲ್ಟೆಂಟ್ ಆಫೀಸಿನಲ್ಲಿ ಆಟೋಕ್ಯಾಡ್ ಡ್ರಾಫ್ಟಿಂಗ್ ಮಾಡುತ್ತೇನೆ. ನಮಗಿಂತ ಮೊದಲು ಇದ್ದವರೊಬ್ಬರು ಬರೆದಿಟ್ಟ ಲಿಸ್ಪ್ ಫೈಲುಗಳನ್ನು ಇವತ್ತಿಗೂ ಎಲ್ಲರೂ ಬಳಸುತ್ತಾರೆ. ಅರ್ಧ ದಿನದ ಕೆಲಸ ಒಂದು ಕಮಾಂಡಿಗೆ ಮುಗಿಯುತ್ತದೆ. ನಾನೂ ಹಾಗೆ ಬರೆಯಬೇಕೆಂದು ಕಲಿಯಲು ಕೂತೆ. ಆದರೆ ಆ ಬ್ರಾಕೆಟ್ ನೋಡಿದರೆ ಕಣ್ಣು ಕತ್ತಲೆ ಬರುತ್ತದೆ. ಒಂದು ಸಲ ನಾನು ಬರೆದ ಕಮಾಂಡ್ ಓಡಿಸಿದ ಮೇಲೆ ಆಫೀಸಿನ ಹಳೆಯ ಲಿಸ್ಪೇ ನಿಂತುಹೋಯಿತು. 'ಬ್ಯಾಡ್ ಫಂಕ್ಷನ್: 90' ಎಂದು ಬಂತು. "ಗೊತ್ತಿಲ್ಲದ್ದಕ್ಕೆ ಯಾಕೆ ಕೈ ಹಾಕ್ತೀರಿ?" ಎಂದು ಆಫೀಸಿನವರು ಎಲ್ಲರ ಮುಂದೆ ಅಂದರು. ಅದನ್ನೇ ತಿದ್ದಲು ಹೋದರೆ ಈಗ 'ಮಾಲ್‌ಫಾರ್ಮ್ಡ್ ಲಿಸ್ಟ್ ಆನ್ ಇನ್‌ಪುಟ್' ಎನ್ನುತ್ತದೆ. ಆನ್‌ಲೈನಿನಲ್ಲಿ ಧೈರ್ಯ ಮಾಡಿ "ಲಿಸ್ಪ್ ನಾಟ್ ವರ್ಕಿಂಗ್, ಪ್ಲೀಸ್ ಹೆಲ್ಪ್, ಅರ್ಜೆಂಟ್" ಎಂದು ಕೇಳಿದೆ. ಒಬ್ಬರು "ನೀನೇನು ಮಾಡಿದ್ದೀ ಎಂದು ನಾವು ಊಹಿಸಬೇಕೇ?" ಎಂದು ಉತ್ತರ ಕೊಟ್ಟರು. ಅವಮಾನವಾಗಿ ಪ್ರಶ್ನೆಯನ್ನೇ ಅಳಿಸಿದೆ. ನನ್ನ ಇಂಗ್ಲಿಷೂ ಅಷ್ಟಕ್ಕಷ್ಟೇ. ಇದು ನನ್ನಂಥವರಿಗೆ ಅಲ್ಲವೇನೋ ಅನ್ನಿಸುತ್ತಿದೆ. ನಾನು ಬರೆದ ಸಾಲುಗಳನ್ನು ಜೊತೆಗೆ ಕಳಿಸಿದ್ದೇನೆ. ಬಿಟ್ಟುಬಿಡಲೇ?
— ಹೆಸರು ಬೇಡ, ಹುಬ್ಬಳ್ಳಿ

ಉತ್ತರ: ಬಿಡಬೇಡಿ. ಮೊದಲು ಆ 90ರ ಲೆಕ್ಕ ಮುಗಿಸೋಣ. ನಾಲ್ಕು ಜನರ ಮುಂದೆ ನಿಮ್ಮನ್ನು ತಲೆತಗ್ಗಿಸುವಂತೆ ಮಾಡಿದ್ದು ಅದೇ ತಾನೇ?

ನೀವು ಕಳಿಸಿದ ಸಾಲುಗಳಲ್ಲಿ ಎರಡನೆಯದು ಹೀಗಿದೆ. ಪತ್ರಿಕೆಯಲ್ಲಿ ಓದಲು ಸಲೀಸಾಗಲೆಂದು ಕನ್ನಡ ಅಕ್ಷರದಲ್ಲಿ ಬರೆಯುತ್ತಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರವೇ ಇರಲಿ.

(ಸೆಟ್‌ಕ್ಯೂ ಆ್ಯಂಗಲ್ 90)

ಆ್ಯಂಗಲ್ ಎಂಬ ಹೆಸರಿನಲ್ಲಿ 90 ಇಟ್ಟುಕೊ ಎಂದು ಹೇಳಿದ್ದೀರಿ. ಆದರೆ ಆ್ಯಂಗಲ್ ಎನ್ನುವುದು ಆಟೋಕ್ಯಾಡಿನ ಲಿಸ್ಪ್ ಆದ ಆಟೋಲಿಸ್ಪ್‌ನಲ್ಲಿ ಮೊದಲೇ ಇರುವ ಫಂಕ್ಷನ್. ಎರಡು ಬಿಂದು ಕೊಟ್ಟರೆ ಅವುಗಳ ನಡುವಿನ ಕೋನ ಹೇಳುವುದು ಅದರ ಕೆಲಸ. ಆಟೋಲಿಸ್ಪ್‌ನಲ್ಲಿ ಫಂಕ್ಷನ್ನಿಗೂ ವೇರಿಯಬಲ್ಲಿಗೂ ಹೆಸರಿನ ಪಟ್ಟಿ ಒಂದೇ. ಹಾಗಾಗಿ ನಿಮ್ಮ 90 ಬಂದು ಕೂತ ಕೂಡಲೇ ಮೂಲ ಫಂಕ್ಷನ್ ಅಲ್ಲಿಂದ ಎದ್ದುಹೋಯಿತು. ಆಮೇಲೆ ಆಫೀಸಿನ ಹಳೆಯ ಲಿಸ್ಪ್ ಕೋನ ಕೇಳಲು ಹೋದಾಗ ಅದಕ್ಕೆ ಸಿಕ್ಕಿದ್ದು 90 ಎಂಬ ಸಂಖ್ಯೆ. ಸಂಖ್ಯೆಯನ್ನು ಫಂಕ್ಷನ್ನಿನಂತೆ ಓಡಿಸಲು ಆಗದು. 'ಬ್ಯಾಡ್ ಫಂಕ್ಷನ್: 90' ಎಂದರೆ ಇಷ್ಟೇ. ಡ್ರಾಯಿಂಗ್ ಮುಚ್ಚಿ ಮತ್ತೆ ತೆರೆದಿದ್ದರೆ ಎಲ್ಲ ಮೊದಲಿನಂತೆ ಆಗುತ್ತಿತ್ತು, ಯಾಕೆಂದರೆ ಪ್ರತಿ ಡ್ರಾಯಿಂಗಿಗೂ ಅದರದೇ ವೇರಿಯಬಲ್‌ಗಳು. ನೀವು ಯಾವುದನ್ನೂ ಕೆಡಿಸಿಲ್ಲ. ಮುಂದೆ ಒಂದು ಹೆಸರು ಮೊದಲೇ ಇದೆಯೋ ಇಲ್ಲವೋ ಎಂಬ ಅನುಮಾನ ಬಂದರೆ ಕಮಾಂಡ್ ಲೈನಿನಲ್ಲಿ ಆಶ್ಚರ್ಯಸೂಚಕ ಚಿಹ್ನೆ ಹಾಕಿ ಆ ಹೆಸರು ಬರೆದು ಎಂಟರ್ ಒತ್ತಿ. 'ನಿಲ್' ಎಂದು ಬಂದರೆ ಹೆಸರು ಖಾಲಿ ಇದೆ, ಬಳಸಿ. ಬೇರೆ ಏನಾದರೂ ಬಂದರೆ ಆ ಹೆಸರಿನ ತಂಟೆಗೆ ಹೋಗಬೇಡಿ. ಲಿಸ್ಟ್, ಲೆಂಗ್ತ್, ಡಿಸ್ಟೆನ್ಸ್ ಇವೆಲ್ಲ ಡ್ರಾಫ್ಟಿಂಗ್ ಮಾಡುವವರ ಕೈಗೆ ಮೊದಲು ಬರುವ ಹೆಸರುಗಳೇ. ಇದರಲ್ಲಿ ಕಾಲು ಜಾರದವರು ಕಡಿಮೆ.

ಇಷ್ಟು ವಿವರವಾಗಿ ಬರೆಯಲು ಕಾರಣವಿದೆ. ನಿಮಗೆ ಆಗದು ಎಂದು ಸಾಬೀತು ಮಾಡಿದೆ ಎಂದುಕೊಂಡಿರುವ ಘಟನೆ ವಾಸ್ತವದಲ್ಲಿ ಈ ಭಾಷೆಯ ಒಂದು ಮುಖ್ಯ ಪಾಠ. ಪಾಠ ನಿಮ್ಮ ಮುಂದೆಯೇ ನಡೆಯಿತು, ಹೇಳಿಕೊಡುವವರು ಮಾತ್ರ ಪಕ್ಕದಲ್ಲಿ ಇರಲಿಲ್ಲ.

ಈಗ ಬ್ರಾಕೆಟ್. ಲಿಸ್ಪ್ ಹುಟ್ಟಿದ್ದು 1958ರಲ್ಲಿ, ಅಮೆರಿಕದ ಎಂಐಟಿಯಲ್ಲಿ, ಜಾನ್ ಮೆಕಾರ್ಥಿ ಅವರ ಕೈಯಲ್ಲಿ. ಈ ಬ್ರಾಕೆಟ್ ಬರವಣಿಗೆ ಯಂತ್ರದ ಒಳಗಿನ ಬಳಕೆಗೆ ಇರಲಿ, ಜನ ಬರೆಯಲು ಬೇರೆ ರೂಪ ಕೊಡೋಣ ಎಂಬುದು ಅವರ ಮೊದಲ ಯೋಚನೆಯಾಗಿತ್ತು. ಬಳಸುವವರು ಬ್ರಾಕೆಟ್ಟನ್ನೇ ಹಿಡಿದುಕೊಂಡರು, ಅದೇ ಉಳಿಯಿತು. ಅದರಲ್ಲಿ ಇರುವ ಮುಖ್ಯ ನಿಯಮ ಒಂದೇ: ಬ್ರಾಕೆಟ್ ತೆರೆದ ಕೂಡಲೇ ಮೊದಲು ಬರುವುದು ಮಾಡಬೇಕಾದ ಕೆಲಸ, ಉಳಿದದ್ದು ಆ ಕೆಲಸಕ್ಕೆ ಬೇಕಾದ ಸಾಮಗ್ರಿ.

(+ 2 3) ಎಂದರೆ 5.
(* 4 (+ 2 3)) ಎಂದರೆ 20.

ಎರಡನೆಯದರಲ್ಲಿ ಒಳಗಿನ ಬ್ರಾಕೆಟ್ ಮೊದಲು 5 ಆಗುತ್ತದೆ, ಆ 5 ಹೊರಗಿನ ಗುಣಾಕಾರಕ್ಕೆ ಹೋಗುತ್ತದೆ. ಗುಣಾಕಾರ ಮೊದಲೋ ಕೂಡಿಸುವುದು ಮೊದಲೋ ಎಂದು ನೆನಪಿಡಬೇಕಾದ್ದೇ ಇಲ್ಲ. ನಿಮ್ಮ ಆಫೀಸಿನ ಎಷ್ಟೇ ಉದ್ದದ ಲಿಸ್ಪ್ ಫೈಲಾದರೂ ಈ ರೂಪದ ಹೊರಗೆ ಹೋಗುವುದಿಲ್ಲ. ಇವತ್ತು ಸಂಜೆ ಆಟೋಕ್ಯಾಡಿನ ಕಮಾಂಡ್ ಲೈನಿನಲ್ಲೇ ಇಂಥ ಲೆಕ್ಕಗಳನ್ನು ಟೈಪ್ ಮಾಡಿ ನೋಡಿ. ಫೈಲ್ ಬೇಡ, ಸೇವ್ ಮಾಡುವುದು ಬೇಡ, ಉತ್ತರ ಅಲ್ಲೇ ಬರುತ್ತದೆ. ಬ್ರಾಕೆಟ್ ಮುಚ್ಚುವುದು ಮರೆತರೆ ಅದು ಇನ್ನೂ ಕಾಯುತ್ತಿದೆ ಎಂದು ತೋರಿಸುತ್ತದೆ, ಎಸ್ಕೇಪ್ ಒತ್ತಿ ಹೊರಗೆ ಬನ್ನಿ. (/ 225 2) ಎಂದೂ ಕೊಟ್ಟು ನೋಡಿ. 112.5 ಬರುವುದಿಲ್ಲ, 112 ಬರುತ್ತದೆ. ಎರಡೂ ಪೂರ್ಣಾಂಕವಾದರೆ ಉತ್ತರವೂ ಪೂರ್ಣಾಂಕವೇ, ಉಳಿದದ್ದನ್ನು ಬಿಟ್ಟುಬಿಡುತ್ತದೆ. (/ 225 2.0) ಎಂದರೆ ಸರಿಯಾಗುತ್ತದೆ. ಕಾಲಂನ ಮಧ್ಯ ಹಿಡಿಯಲು ಹೋದಾಗ ಅರ್ಧ ಮಿಲಿಮೀಟರ್ ತಪ್ಪಿ ಗೆರೆ ಕೂಡದೆ ಹೋಗುವುದು ಹೀಗೆ. ನಿಮ್ಮ ಕಸುಬಿನಲ್ಲಿ ಇದು ಸಣ್ಣ ವಿಷಯವಲ್ಲ.

ಬ್ರಾಕೆಟ್ಟುಗಳನ್ನು ಬೆರಳು ಮಡಚಿ ಎಣಿಸಬೇಡಿ. ಅದು ಎಡಿಟರಿನ ಕೆಲಸ. ನೋಟ್‌ಪ್ಯಾಡಿನಲ್ಲಿ ಬರೆಯುತ್ತಿದ್ದರೆ ಇವತ್ತೇ ನಿಲ್ಲಿಸಿ. ಆಟೋಕ್ಯಾಡಿನಲ್ಲಿ ವಿಲಿಸ್ಪ್ ಎಂಬ ಕಮಾಂಡ್ ಕೊಟ್ಟರೆ ಅದರದೇ ಎಡಿಟರ್ ತೆರೆಯುತ್ತದೆ, 2021ರಿಂದ ಈಚಿನ ಆವೃತ್ತಿಗಳಲ್ಲಿ ವಿಎಸ್ ಕೋಡ್ ಕೂಡ ಬಳಸಬಹುದು. ಯಾವ ಬ್ರಾಕೆಟ್ಟಿಗೆ ಯಾವುದು ಜೋಡಿ ಎಂದು ಅವು ತೋರಿಸುತ್ತವೆ. ಇನ್ನೊಂದು ಅಭ್ಯಾಸ ಮಾಡಿಕೊಳ್ಳಿ. ಬ್ರಾಕೆಟ್ ತೆರೆದ ಕೂಡಲೇ ಮುಚ್ಚಿಯೂ ಬಿಡಿ, ಆಮೇಲೆ ನಡುವೆ ಹೋಗಿ ತುಂಬಿ. 'ಮಾಲ್‌ಫಾರ್ಮ್ಡ್ ಲಿಸ್ಟ್' ಎಂದರೆ ಎಲ್ಲೋ ಒಂದು ಮುಚ್ಚಿಲ್ಲ. 'ಎಕ್ಸ್‌ಟ್ರಾ ರೈಟ್ ಪ್ಯಾರೆನ್' ಎಂದರೆ ಒಂದು ಹೆಚ್ಚಾಗಿದೆ. ಬೈಗುಳದಂತೆ ಕಾಣುವ ಈ ಸಾಲುಗಳು ನಿಜಕ್ಕೂ ದಾರಿ ತೋರಿಸುವಂಥವು. 'ಬ್ಯಾಡ್ ಆರ್ಗ್ಯುಮೆಂಟ್ ಟೈಪ್: ನಂಬರ್‌ಪಿ: ನಿಲ್' ಎಂದು ಬಂದರೆ ಅದರಲ್ಲಿ ಎರಡು ಸುದ್ದಿಗಳಿವೆ: ಸಂಖ್ಯೆ ಬೇಕಿತ್ತು, ಬಂದದ್ದು ಏನೂ ಇಲ್ಲದ ನಿಲ್. ಹಾಗಾದರೆ ಯಾವ ವೇರಿಯಬಲ್ ಖಾಲಿ ಇದೆ ಎಂದು ಹುಡುಕಬೇಕು. ಅರ್ಧ ಕೆಲಸ ಮುಗಿದಂತೆಯೇ.

ನಿಮ್ಮ ಸಾಲುಗಳನ್ನು ತಿದ್ದಿದರೆ ಹೀಗಾಗುತ್ತವೆ:

(ಡಿಫನ್ ಸಿ:ಕಾಲಂ ( / ಪಿ1 ಪಿ2)
(ಸೆಟ್‌ಕ್ಯೂ ಪಿ1 (ಗೆಟ್‌ಪಾಯಿಂಟ್ "ಮೂಲೆ ತೋರಿಸಿ: "))
(ಸೆಟ್‌ಕ್ಯೂ ಪಿ2 (ಲಿಸ್ಟ್ (+ (ಕಾರ್ ಪಿ1) 230) (+ (ಕ್ಯಾಡರ್ ಪಿ1) 450)))
(ಕಮಾಂಡ್ "ರೆಕ್ಟ್ಯಾಂಗ್" ಪಿ1 ಪಿ2)
(ಪ್ರಿನ್‌ಸಿ))

ಆ್ಯಂಗಲ್ ಇರುವ ಸಾಲು ಕೈಬಿಟ್ಟಿದ್ದೇನೆ, ಈ ಕೆಲಸಕ್ಕೆ ಅದು ಬೇಕೇ ಇರಲಿಲ್ಲ. ಕೊನೆಯ ಸಾಲಿನ ಕೊನೆಯ ಬ್ರಾಕೆಟ್ ಮೊದಲ ಸಾಲಿನ ಡಿಫನ್‌ಗೆ ಜೋಡಿ. ನಿಮ್ಮಲ್ಲಿ ಇಲ್ಲದಿದ್ದ ಬ್ರಾಕೆಟ್ ಅದೊಂದೇ. ಮೊದಲ ಸಾಲಿನ ಓರೆಗೆರೆಯ ಆಚೆ ಬರೆದ ಹೆಸರುಗಳು ಈ ಕಮಾಂಡಿನ ಒಳಗೆ ಮಾತ್ರ ಬಾಳುತ್ತವೆ, ಕೆಲಸ ಮುಗಿದ ಮೇಲೆ ಬೇರೆಯವರ ಲಿಸ್ಪಿಗೆ ಅಡ್ಡ ಬರುವುದಿಲ್ಲ. ಹಾಗೆಂದು ಆ್ಯಂಗಲ್ ಅನ್ನೂ ಅಲ್ಲಿ ಸೇರಿಸಿದರೆ ಸಾಕು ಎಂದುಕೊಳ್ಳಬೇಡಿ. ನಿಮ್ಮ ಕಮಾಂಡ್ ನಡೆಯುವಷ್ಟು ಹೊತ್ತು ಅದು ಕರೆಯುವ ಫಂಕ್ಷನ್‌ಗಳಿಗೂ ನಿಮ್ಮ 90 ಎಂಬುದೇ ಕಾಣುತ್ತದೆ. ಹೆಸರು ಬದಲಿಸುವುದೇ ದಾರಿ.

ಪಿ2 ಇರುವ ಸಾಲಿನಲ್ಲಿ ಇನ್ನೊಂದು ತಪ್ಪಿತ್ತು, ಅದನ್ನು ನೀವಿನ್ನೂ ಕಂಡಿರಲಿಲ್ಲ. ಲಿಸ್ಟ್ ಎಂಬ ಪದದ ಬದಲು ಬ್ರಾಕೆಟ್ಟಿನ ಮುಂದೆ ಒಂಟಿ ಉದ್ಧರಣ ಚಿಹ್ನೆ ಹಾಕಿದ್ದಿರಿ. ಆ ಚಿಹ್ನೆ ಇದ್ದರೆ ಲಿಸ್ಪ್ ಒಳಗಿನದನ್ನು ಲೆಕ್ಕ ಹಾಕುವುದಿಲ್ಲ, ಬರೆದದ್ದನ್ನು ಬರೆದಂತೆಯೇ ಇಟ್ಟುಕೊಳ್ಳುತ್ತದೆ. '(10 20) ಎಂದರೆ ತೊಂದರೆಯಿಲ್ಲ, ಅವು ಸಂಖ್ಯೆಗಳೇ. ಆದರೆ ಒಳಗೆ ಕೂಡುವುದೋ ವೇರಿಯಬಲ್ಲೋ ಇದ್ದರೆ ಕೂಡುವುದಿಲ್ಲ, ಬೆಲೆಯೂ ಸಿಗುವುದಿಲ್ಲ, ಕಮಾಂಡಿಗೆ ಅದು ಬಿಂದುವಾಗಿ ಕಾಣುವುದಿಲ್ಲ. ಬೆಲೆ ಬದಲಾಗುವಲ್ಲಿ ಲಿಸ್ಟ್ ಬಳಸಿ. ಇಡೀ ಭಾಷೆಯಲ್ಲಿ ನಿಧಾನವಾಗಿ ತಲೆಗೆ ಹತ್ತುವ ವಿಷಯ ಇದೊಂದೇ ಎಂದು ನನ್ನ ಅಭಿಪ್ರಾಯ. ಒಂದು ವಾರ ಇದರ ಹಿಂದೆಯೇ ಬೀಳಿ, ಅವಸರ ಬೇಡ.

ಕಾರ್ ಎಂದರೆ ಬಿಂದುವಿನ ಎಕ್ಸ್, ಕ್ಯಾಡರ್ ಎಂದರೆ ವೈ. ಈ ಹೆಸರುಗಳ ಅರ್ಥ ಹತ್ತದಿದ್ದರೆ ಅದಕ್ಕೆ ನಿಮ್ಮ ಇಂಗ್ಲಿಷ್ ಕಾರಣವೇ? ಇಲ್ಲ. ಮೊದಲ ಲಿಸ್ಪ್ ಓಡಿದ ಐಬಿಎಂ 704 ಎಂಬ ಯಂತ್ರದ ರಿಜಿಸ್ಟರಿನ ಭಾಗಗಳ ಹೆಸರುಗಳಿಂದ ಕಾರ್, ಕುಡರ್ ಎಂಬ ಮೊಟಕು ಪದಗಳು ಬಂದವು. ಲಂಡನ್ನಿನಲ್ಲಿ ಹುಟ್ಟಿ ಬೆಳೆದವರಿಗೂ ಅವು ಅಷ್ಟೇ ಅಪರಿಚಿತ. ಎಲ್ಲರೂ ಬಾಯಿಪಾಠ ಮಾಡಿಯೇ ಕಲಿತದ್ದು.

ಇನ್ನು ಆನ್‌ಲೈನಿನಲ್ಲಿ ಸಿಕ್ಕ ಆ ಉತ್ತರ. ಅದರ ಧಾಟಿ ಸರಿಯಿಲ್ಲ. ಹೊಸದಾಗಿ ಬಂದವರ ಜೊತೆ ಹಾಗೆ ಮಾತಾಡಬಾರದು. ಆದರೆ ತಂಗೀ, ಅದರ ಒಳಗಿನ ಮಾತನ್ನು ಬಿಸಾಡಬೇಡಿ. ಅಲ್ಲಿ ಉತ್ತರ ಕೊಡುವವರು ಸಂಬಳಕ್ಕೆ ಕೂತವರಲ್ಲ, ತಮ್ಮ ಕೆಲಸ ಮುಗಿಸಿ ಬಂದು ಬಿಡುವಿನಲ್ಲಿ ಸಹಾಯ ಮಾಡುವವರು. ನಿಮ್ಮ ಮುಖ, ನಿಮ್ಮ ಪರದೆ, ನಿಮ್ಮ ಸಂಕಟ ಯಾವುದೂ ಅವರಿಗೆ ಕಾಣದು. ಕಂಡದ್ದು ಆ ಒಂದು ಸಾಲು. ಅದರಲ್ಲಿ ಲಿಸ್ಪ್ ಓಡುತ್ತಿಲ್ಲ ಎಂಬ ಸುದ್ದಿ ಬಿಟ್ಟು ಬೇರೇನೂ ಇರಲಿಲ್ಲ. ಅರ್ಜೆಂಟ್ ಎಂಬ ಪದವಂತೂ ಇಂಥ ಕಡೆ ಉಲ್ಟಾ ಹೊಡೆಯುತ್ತದೆ. ನಿಮ್ಮ ಅವಸರವನ್ನು ಅವರ ಹೆಗಲಿಗೆ ಹಾಕಿದಂತೆ ಅವರಿಗೆ ಅನ್ನಿಸುತ್ತದೆ.

ಅದೇ ಪ್ರಶ್ನೆ ಹೀಗಿದ್ದಿದ್ದರೆ ಹೇಗಿರುತ್ತಿತ್ತು ನೋಡಿ: "ನಾನು ಆಟೋಲಿಸ್ಪ್‌ಗೆ ಹೊಸಬಳು. ನಮ್ಮಲ್ಲಿರುವುದು ಆಟೋಕ್ಯಾಡ್‌ನ ಇಂಥ ಆವೃತ್ತಿ. ಒಂದು ಮೂಲೆ ತೋರಿಸಿದರೆ 230 ಗುಣಿಸು 450ರ ಆಯತ ಬರೆಯುವ ಕಮಾಂಡ್ ಬೇಕು. ನಾನು ಬರೆದದ್ದು ಕೆಳಗಿದೆ. ಇದನ್ನು ಓಡಿಸಿದ ಮೇಲೆ ಇನ್ನೊಂದು ಲಿಸ್ಪ್ ಓಡಿಸಿದರೆ 'ಬ್ಯಾಡ್ ಫಂಕ್ಷನ್: 90' ಎಂದು ಬರುತ್ತದೆ. ನನ್ನದನ್ನು ಓಡಿಸದಿದ್ದರೆ ಅದು ಸರಿಯಾಗಿಯೇ ನಡೆಯುತ್ತದೆ. ಎಲ್ಲಿ ತಪ್ಪಿದ್ದೇನೆ?" ಇದಕ್ಕೆ ಬೈಯುವವರು ಸಿಗುವುದಿಲ್ಲ. ಕೋಡಿನ ಎರಡನೇ ಸಾಲು ಕಂಡ ಕೂಡಲೇ ಯಾರಾದರೊಬ್ಬರು ಉತ್ತರ ಬರೆದುಬಿಡುತ್ತಾರೆ. ತಪ್ಪಿನ ಸಾಲನ್ನು ನಿಮ್ಮ ಮಾತಿನಲ್ಲಿ ಹೇಳಬೇಡಿ, ಪರದೆಯಲ್ಲಿ ಇದ್ದಂತೆ ಅಕ್ಷರಕ್ಕೆ ಅಕ್ಷರ ಹಾಕಿ. ಕೋಡನ್ನು ಫೋಟೊ ತೆಗೆದು ಹಾಕಬೇಡಿ, ನಕಲು ಮಾಡಿ ಅಂಟಿಸಿ. ಅವರು ಅದನ್ನು ತಮ್ಮ ಯಂತ್ರದಲ್ಲಿ ಓಡಿಸಿ ನೋಡಬೇಕು. ಫೈಲ್ ಉದ್ದವಿದ್ದರೆ ತಪ್ಪು ಉಳಿಯುವಷ್ಟನ್ನು ಮಾತ್ರ ಉಳಿಸಿಕೊಂಡು ಮಿಕ್ಕದ್ದನ್ನು ಒಂದೊಂದೇ ಸಾಲು ಕಿತ್ತುಹಾಕುತ್ತ ಬನ್ನಿ. ಹೀಗೆ ಕೀಳುವಾಗ ಎಷ್ಟೋ ಸಲ ತಪ್ಪು ತಾನಾಗಿ ಎದುರಿಗೆ ಬರುತ್ತದೆ, ಕೇಳುವ ಅಗತ್ಯವೇ ಬೀಳುವುದಿಲ್ಲ. ಪ್ರೋಗ್ರಾಮಿಂಗ್ ಎಂದು ನಾವು ಕರೆಯುವ ಕೆಲಸದ ದೊಡ್ಡ ಪಾಲು ಇದೇ: ಗೊಂದಲವನ್ನು ಕಿರಿದು ಮಾಡುತ್ತ ಹೋಗುವುದು. ಒಳ್ಳೆಯ ಪ್ರಶ್ನೆ ಬರೆಯಲು ಬಂದವರಿಗೆ ಒಳ್ಳೆಯ ಕೋಡ್ ಬರೆಯಲೂ ಬರುತ್ತದೆ.

ಇಂಗ್ಲಿಷಿನ ಬಗ್ಗೆ ಚಿಂತೆ ಬಿಡಿ. ಮೇಲಿನ ಪ್ರಶ್ನೆಯಲ್ಲಿ ಒಂದೂ ಕಷ್ಟದ ವಾಕ್ಯವಿಲ್ಲ. ಕನ್ನಡದಲ್ಲಿ ಬರೆದು ಗೂಗಲ್ ಟ್ರಾನ್ಸ್‌ಲೇಟಿಗೆ ಹಾಕಿದರೂ ನಡೆಯುತ್ತದೆ. ಅಲ್ಲಿ ಯಾರೂ ವ್ಯಾಕರಣಕ್ಕೆ ಅಂಕ ಕೊಡುವುದಿಲ್ಲ. ಬ್ರೆಜಿಲ್, ಟರ್ಕಿ, ರಷ್ಯಾದವರು ಕೂಡ ಹರುಕು ಮುರುಕು ಇಂಗ್ಲಿಷಿನಲ್ಲೇ ಕೇಳಿ ಉತ್ತರ ಪಡೆಯುತ್ತಾರೆ. ಕೋಡ್ ಎಲ್ಲರಿಗೂ ಒಂದೇ.

ಎಲ್ಲಿ ಕೇಳಬೇಕು? ಆಟೋಡೆಸ್ಕ್ ಕಂಪನಿಯದೇ ಬಳಕೆದಾರರ ವೇದಿಕೆಯಲ್ಲಿ ಲಿಸ್ಪ್‌ಗಾಗಿಯೇ ಒಂದು ವಿಭಾಗವಿದೆ. ಕ್ಯಾಡ್‌ಟ್ಯೂಟರ್ ಕೂಡ ಹೊಸಬರಿಗೆ ಒಳ್ಳೆಯದು. ಪಾಠಗಳು ಬೇಕಿದ್ದರೆ ಆಫ್ರಾಲಿಸ್ಪ್ ಎಂಬ ತಾಣದಲ್ಲಿ ಸೊನ್ನೆಯಿಂದ ಶುರುಮಾಡಿ ಹೇಳಿಕೊಟ್ಟಿದ್ದಾರೆ. ಕೇಳುವ ಮೊದಲು ತಪ್ಪಿನ ಸಾಲನ್ನೇ ಹಾಕಿ ಹುಡುಕಿ, ಜೊತೆಗೆ 'ಆಟೋಲಿಸ್ಪ್' ಎಂದು ಸೇರಿಸಿ. ಬರೀ ಲಿಸ್ಪ್ ಎಂದು ಹುಡುಕಿದರೆ ದಾರಿ ತಪ್ಪುತ್ತೀರಿ. ಲಿಸ್ಪ್ ಒಂದು ಭಾಷೆಯಲ್ಲ, ಒಂದು ಮನೆತನ. 1975ರ ಸ್ಕೀಮ್, 1994ರಲ್ಲಿ ಪ್ರಮಾಣಿತ ರೂಪ ಪಡೆದ ಕಾಮನ್ ಲಿಸ್ಪ್, 2007ರ ಕ್ಲೋಜರ್ ಎಲ್ಲವೂ ಇದೇ ರಕ್ತದವು. 1986ರಲ್ಲಿ ಆಟೋಕ್ಯಾಡಿಗೆ ಬಂದ ಆಟೋಲಿಸ್ಪ್ ಅವುಗಳ ಪೈಕಿ ಚಿಕ್ಕದು. ಕಾಮನ್ ಲಿಸ್ಪ್‌ನ ಪಾಠದಲ್ಲಿ ಬರುವ ಲೆಟ್, ಲೂಪ್, ಫಾರ್ಮ್ಯಾಟ್ ನಿಮ್ಮಲ್ಲಿ ಇಲ್ಲವೇ ಇಲ್ಲ. ಚಾಟ್‌ಜಿಪಿಟಿಯಂಥವನ್ನು ಕೇಳಿದಾಗಲೂ ಇದೇ ಎಚ್ಚರ ಇರಲಿ. ಅವು ಎರಡನ್ನೂ ಬೆರೆಸಿ, ಇಲ್ಲದ ಫಂಕ್ಷನ್ನನ್ನು ಇದೆ ಎಂಬಂತೆ ಬರೆದುಕೊಡುವುದುಂಟು. ಅವುಗಳಿಂದ ಬರೆಸುವ ಬದಲು ವಿವರಿಸಲು ಹೇಳಿ. "ಈ ಸಾಲು ಏನು ಮಾಡುತ್ತದೆ, ಕನ್ನಡದಲ್ಲಿ ಹೇಳು" ಎಂದು ಕೇಳಿ, ಅದು ಹೇಳಿದ್ದನ್ನು ಕಮಾಂಡ್ ಲೈನಿನಲ್ಲಿ ಪರೀಕ್ಷಿಸಿ. ಕಲಿಯುವವರಿಗೆ ಅದರಷ್ಟು ಒಳ್ಳೆಯ ಬಳಕೆ ಇನ್ನೊಂದಿಲ್ಲ.

ಎರಡು ವಿಷಯಗಳಲ್ಲಿ ಮಾತ್ರ ಗಟ್ಟಿಯಾಗಿರಿ. ಪ್ರಶ್ನೆಯ ಜೊತೆ ಆಫೀಸಿನ ಡ್ರಾಯಿಂಗ್ ಹಾಕಬೇಡಿ. ಅದು ನಿಮ್ಮದಲ್ಲ, ಗ್ರಾಹಕರದು. ಖಾಲಿ ಡ್ರಾಯಿಂಗಿನಲ್ಲಿ ನಾಲ್ಕು ಗೆರೆ ಎಳೆದು ಅದನ್ನು ಹಾಕಿ. ಹಾಗೆಯೇ ಎಲ್ಲೋ ಸಿಕ್ಕ ಲಿಸ್ಪ್ ಫೈಲನ್ನು ಓದದೆ ಲೋಡ್ ಮಾಡಬೇಡಿ. 2012ರಲ್ಲಿ ಮೆಡ್ರೆ ಎಂಬ ಹುಳು ಪತ್ತೆಯಾಯಿತು. ಆಟೋಲಿಸ್ಪ್‌ನಲ್ಲೇ ಬರೆದದ್ದು, ಮುಖ್ಯವಾಗಿ ಪೆರು ದೇಶದಲ್ಲಿ ಹರಡಿ, ತೆರೆದ ಡ್ರಾಯಿಂಗುಗಳನ್ನು ಗುಟ್ಟಾಗಿ ಇಮೇಲಿನಲ್ಲಿ ಹೊರಗೆ ಕಳಿಸುತ್ತಿತ್ತು. ಲೋಡ್ ಮಾಡುವಾಗ ಆಟೋಕ್ಯಾಡ್ ಎಚ್ಚರಿಕೆ ಕೊಡುವುದು ಕಿರಿಕಿರಿ ಎಂದು ಅದನ್ನು ಆಫ್ ಮಾಡಿಸುವ ಆಫೀಸುಗಳಿವೆ. ನಿಮ್ಮಲ್ಲಿ ಹಾಗಾಗದಂತೆ ನೋಡಿಕೊಳ್ಳಿ.

ಮನೆಯಲ್ಲಿ ಆಟೋಕ್ಯಾಡ್ ಇಲ್ಲದಿದ್ದರೂ ಅಭ್ಯಾಸ ನಿಲ್ಲಬೇಕಿಲ್ಲ. ಡಾಕ್ಟರ್ ರ‍್ಯಾಕೆಟ್ ಎಂಬುದು ಉಚಿತ, ಸಾಮಾನ್ಯ ಲ್ಯಾಪ್‌ಟಾಪಿನಲ್ಲಿ ಓಡುತ್ತದೆ. ರ‍್ಯಾಕೆಟ್ ಕೂಡ ಲಿಸ್ಪ್ ಮನೆತನದ್ದೇ, ಕಲಿಸುವುದಕ್ಕೆಂದೇ ಹದಗೊಂಡದ್ದು. ಆಟೋಕ್ಯಾಡಿನ ಡ್ರಾಯಿಂಗ್ ಬರೆಯಲು ಬಾರದು, ಆದರೆ ಬ್ರಾಕೆಟ್ಟಿನ ಭಯ ಹೋಗಲು ಅಷ್ಟು ಸಾಕು. ಅದರಲ್ಲಿ ವೇರಿಯಬಲ್ಲಿಗೆ ಕನ್ನಡ ಲಿಪಿಯಲ್ಲೇ ಹೆಸರಿಡಬಹುದು. 'ಅಗಲ', 'ಆಳ' ಎಂದು ಬರೆದು ಲೆಕ್ಕ ಹಾಕಿ ನೋಡಿ, ನಿಮ್ಮ ಮನಸ್ಸಿಗೆ ಖುಷಿಯಾಗುತ್ತದೆ. ನಿಮ್ಮ ಆಫೀಸಿನಲ್ಲಿ ಪೂರ್ಣ ಆಟೋಕ್ಯಾಡ್ ಇರುವುದರಿಂದ ತೊಂದರೆಯಿಲ್ಲ. ಮುಂದೆ ಎಲ್‌ಟಿ ಆವೃತ್ತಿ ಇರುವ ಕಡೆ ಕೆಲಸಕ್ಕೆ ಹೋದರೆ ನೆನಪಿರಲಿ, ಎಲ್‌ಟಿಯಲ್ಲಿ ಲಿಸ್ಪ್ ಓಡುವುದು 2024ರ ಆವೃತ್ತಿಯಿಂದ ಮಾತ್ರ.

'ನನ್ನಂಥವರಿಗೆ ಅಲ್ಲ' ಎಂಬ ಮಾತಿನಲ್ಲಿ ವಯಸ್ಸೂ ಸೇರಿದ್ದರೆ, ಅದಕ್ಕೆ ನಾನು ಹೆಚ್ಚು ಬೆಲೆ ಕೊಡುವುದಿಲ್ಲ. ಹೊಸ ಹುಡುಗರಿಗೆ ಬ್ರಾಕೆಟ್ ಬೇಗ ಬರಬಹುದು. ಆದರೆ ಯಾವ ಕೆಲಸ ದಿನಕ್ಕೆ ಎಷ್ಟು ಸಲ ಬರುತ್ತದೆ, ಎಲ್ಲಿ ಕೈ ನೋಯುತ್ತದೆ, ಯಾವುದನ್ನು ಕಮಾಂಡ್ ಮಾಡಿದರೆ ಎಲ್ಲರಿಗೂ ಹಗುರವಾಗುತ್ತದೆ ಎಂಬುದು ವರ್ಷಗಟ್ಟಲೆ ಗೆರೆ ಎಳೆದ ನಿಮಗೆ ಗೊತ್ತು. ಬರೆಯಲು ಯೋಗ್ಯವಾದ ಲಿಸ್ಪ್ ಹುಟ್ಟುವುದು ಆ ತಿಳಿವಳಿಕೆಯಿಂದ. ಆಫೀಸಿನವರ ಜೊತೆ ವಾದಕ್ಕೆ ಇಳಿಯಬೇಡಿ. ಹಳೆಯ ಲಿಸ್ಪ್ ಯಾಕೆ ನಿಂತಿತ್ತು ಎಂಬುದನ್ನು ಒಂದು ದಿನ ಸಮಾಧಾನವಾಗಿ ಬಿಡಿಸಿ ಹೇಳಿ. ಕಲಿಯುವಾಗ ನಿಮ್ಮ ಫೈಲುಗಳನ್ನು ಬೇರೆ ಫೋಲ್ಡರಿನಲ್ಲಿ ಇಟ್ಟು, ಖಾಲಿ ಡ್ರಾಯಿಂಗಿನಲ್ಲಿ ಮಾತ್ರ ಓಡಿಸಿ. ಆಗ ಯಾರಿಗೂ ಮಾತಾಡಲು ಜಾಗವಿರುವುದಿಲ್ಲ.

ಈಗ ನಿಮ್ಮಿಂದ ಒಂದು ಕೆಲಸ ಆಗಬೇಕು. ತಿದ್ದಿದ ಕಾಲಂ ಕಮಾಂಡನ್ನು ಓಡಿಸಿ ನೋಡಿ. ಓಸ್ನ್ಯಾಪ್ ಆನ್ ಇದ್ದರೆ ಕೆಲವೊಮ್ಮೆ ಮೂಲೆ ನೀವು ಹೇಳಿದಲ್ಲಿ ಬಾರದೆ ಹತ್ತಿರದ ಬೇರೆ ಗೆರೆಗೆ ಜಿಗಿಯುತ್ತದೆ. ಅದಕ್ಕೆ ಪರಿಹಾರ ನನಗೆ ಗೊತ್ತಿದೆ, ಬೇಕೆಂದೇ ಇಲ್ಲಿ ಬರೆಯುತ್ತಿಲ್ಲ. ಆ ಜಿಗಿತ ಕಂಡ ದಿನ ಅದನ್ನೇ ಪ್ರಶ್ನೆ ಮಾಡಿ, ಆವೃತ್ತಿ, ಕೋಡ್, ಆದದ್ದು, ಆಗಬೇಕಿದ್ದದ್ದು ಎಲ್ಲ ಸೇರಿಸಿ, ಹಿಂದೆ ಅಳಿಸಿ ಬಂದ ಅದೇ ಜಾಗದಲ್ಲಿ ಕೇಳಿ. ಉತ್ತರ ಬಂದರೆ ಓಡಿಸಿ ನೋಡಿ, ಸರಿಯಾಯಿತೋ ಇಲ್ಲವೋ ಎಂದು ಮರಳಿ ತಿಳಿಸಿ, ಸಹಾಯ ಮಾಡಿದವರಿಗೆ ಒಂದು ಧನ್ಯವಾದ ಬರೆಯಿರಿ. ಏನಾಯಿತೆಂದು ನನಗೂ ಒಂದು ಸಾಲು ಹಾಕಿ.